ಹಲಗೆಗೊಂದು ಮೂಗು

ದೋಣಿ ಕಟ್ಟುವವರು ತೂತು ಮುಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಸಂದಿಗೆ ನಾರು ತುರುಕಿ, ಮೇಲೆ ಡಾಂಬರು ಬಳಿದು, ಇನ್ನೆಲ್ಲಿಂದ ನೀರು ನುಗ್ಗೀತೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕುವುದೇ ಆ ಕಸುಬಿನ ಅರ್ಧ ಕೆಲಸ. ಹೀಗಿರುವಾಗ, ಒಂದು ಸೆಕೆಂಡ್ ಹ್ಯಾಂಡ್ ಬೈಕಿನಷ್ಟು ದುಡ್ಡು ಸುರಿದು ತಂದ ತೇಲುಹಲಗೆಗೆ ಅದನ್ನು ಮಾಡಿದವರೇ ನಡುಬೆನ್ನಿನಲ್ಲಿ ತೂತು ಕೊರೆದು ಕಳಿಸಿದ್ದಾರೆ ಎಂದರೆ ನಮ್ಮ ಕಡೆ ಯಾರು ನಂಬುತ್ತಾರೆ? ನನ್ನ ಹೆಂಡತಿ ನಂಬಲಿಲ್ಲ. ತೂತಿನ ಸುತ್ತ ಬೆರಳಾಡಿಸಿ, "ಬಿಲ್ಲು ಉಂಟಲ್ಲ? ವಾಪಸ್ ಕೊಟ್ಟು ಬಾ ಮಾರಾಯ" ಎಂದು ತಮ್ಮನಿಗೆ ಹೇಳಿದಳು.

ಹಲಗೆ ಈ ತಮ್ಮನದು, ಅಂದರೆ ನನ್ನ ಭಾಮೈದನದು. ಮಂಗಳೂರಿನ ಬ್ಯಾಂಕೊಂದರಲ್ಲಿದ್ದಾನೆ. ವಾರವಿಡೀ ಸಾಲಗಾರರ ನೆತ್ತಿಯ ಮೇಲೆ ನಿಲ್ಲುತ್ತಾನೆ, ರಜೆ ಬಂದರೆ ಶಾಂಭವಿ ನದಿಯ ಮೇಲೆ. ನಿಲ್ಲುವುದಕ್ಕೆ ಬೇಕಾದ ಸಾಮಾನಿನ ಹೆಸರು ಸ್ಟ್ಯಾಂಡ್-ಅಪ್ ಪ್ಯಾಡಲ್‌ಬೋರ್ಡ್. ಹತ್ತೂವರೆ ಅಡಿ ಉದ್ದದ ಹಲಗೆ. ಅದರ ಮೇಲೆ ನೆಟ್ಟಗೆ ನಿಂತು, ಆಳೆತ್ತರಕ್ಕಿಂತ ಒಂದು ಗೇಣು ಉದ್ದದ ಹುಟ್ಟು ಹಾಕುತ್ತ ಹೋಗುವುದು. ಹವಾಯಿ ದ್ವೀಪದ ಕಡಲತೀರದಲ್ಲಿ ಅಲೆಸವಾರಿ ಕಲಿಸುವ ಹುಡುಗರು ಹಿಂದೆ ಹೀಗೆ ನಿಂತು ಹುಟ್ಟು ಹಾಕುತ್ತಿದ್ದರಂತೆ. 2000ದ ನಂತರ ಲೇರ್ಡ್ ಹ್ಯಾಮಿಲ್ಟನ್ ಮುಂತಾದವರ ಕೈಯಲ್ಲಿ ಅದಕ್ಕೆ ಮರುಜನ್ಮ ಬಂದು ಲೋಕವೆಲ್ಲ ಹಬ್ಬಿತು. ನಮ್ಮ ಮೂಲ್ಕಿಗೂ ಬಂತು. ಅಲ್ಲಿ ಅಮೆರಿಕದಿಂದ ಬಂದ ಸ್ವಾಮಿಯೊಬ್ಬರು ಮಂತ್ರ ಸರ್ಫ್ ಕ್ಲಬ್ ಕಟ್ಟಿ ಊರಿನ ಮಕ್ಕಳನ್ನು ಅಲೆಗೆ ಇಳಿಸಿದರು. ಅದೇ ಮೂಲ್ಕಿಯ ತನ್ವಿ ಜಗದೀಶ್ ಈ ಹಲಗೆಯ ಮೇಲೆ ನಿಂತು ದೇಶದಾಚೆಗೂ ಹೋಗಿ ಸ್ಪರ್ಧಿಸಿದ ಹುಡುಗಿ. 2024ರ ಮಾರ್ಚ್‌ನಲ್ಲಿ ಸಸಿಹಿತ್ಲಿನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದಾಗ ಹೊರದೇಶದವರೂ ಬಂದು ನಿಂತುಕೊಂಡರು. ನನ್ನ ಭಾಮೈದ ಅಲ್ಲಿ ದಡದಲ್ಲಿ ನಿಂತಿದ್ದನಂತೆ. ಆ ಮೇಲೆ ಅವನಿಗೆ ದಡ ಸಾಕಾಯಿತು.

ಸಮುದ್ರ ಆಯಿತು, ಶಾಂಭವಿ ಆಯಿತು, ಇನ್ನು ಕಾವೇರಿ ಎಂದು ಅವನಿಗೆ ಹೊಳೆದದ್ದು ಫೆಬ್ರವರಿಯ ಕೊನೆಯಲ್ಲಿ. ನಾವು ಕುಶಾಲನಗರದವರು. ದುಬಾರೆ ನಮಗೆ ಹದಿನೈದು ಕಿಲೋಮೀಟರ್. ನೆಂಟರು ಬಂದಾಗಲೆಲ್ಲ ಕರೆದೊಯ್ದು ಆನೆ ತೋರಿಸುವ ಜಾಗ. ನಾನೂ ಹೆಂಡತಿಯೂ ಅವಳ ತವರಿಗೆ ಹೋಗಿದ್ದೆವು. ವಾಪಸ್ ಬರುವಾಗ "ನಾನೂ ಬರ್ತೇನೆ ಭಾವ, ಕಾರಲ್ಲೇ ಬಿಡ್ತೇನೆ" ಎಂದ. ಪುಕ್ಕಟೆ ಸವಾರಿ ಎಂದು ಹಿಗ್ಗುವಷ್ಟರಲ್ಲಿ ಕಾರಿನ ನೆತ್ತಿಯ ಮೇಲೆ ಹಲಗೆ ಮಲಗಿತ್ತು. ಪುತ್ತೂರು, ಸುಳ್ಯ ದಾಟುವವರೆಗೂ ದಾರಿಹೋಕರು ನಮ್ಮನ್ನು ಮರುಕದಿಂದ ನೋಡುತ್ತಿದ್ದರು. ಬಟ್ಟೆ ಸುತ್ತಿದ ಆರಡಿಗೂ ಮಿಕ್ಕಿದ ವಸ್ತುವನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋದರೆ ಜನ ಏನು ತಿಳಿಯಬೇಕು? ಸಂಪಾಜೆಯಲ್ಲಿ ಒಬ್ಬರು ಟೋಪಿ ತೆಗೆದು ನಿಂತರು.

ಈ ಸಂಪಾಜೆಯ ಘಾಟಿಯಲ್ಲೇ ನಮ್ಮ ಕಥೆಯ ಗಾಳಿ ಏಳುವುದು. ಕಡಲ ಮಟ್ಟದ ಮಂಗಳೂರಿನಿಂದ ಹೊರಟವರು ಮಡಿಕೇರಿ ಮುಟ್ಟುವ ಹೊತ್ತಿಗೆ 1,100 ಮೀಟರಿಗೂ ಮೇಲೆ ಏರಿರುತ್ತಾರೆ. ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿಯ ಹೊರೆ ಕಡಿಮೆ. ಮಡಿಕೇರಿಯಲ್ಲಿ ಮಂಗಳೂರಿಗಿಂತ ಸುಮಾರು ಎಂಟನೇ ಒಂದು ಪಾಲು ಒತ್ತಡ ಕಮ್ಮಿ. ಇದಕ್ಕೆ ಯಂತ್ರವೇನೂ ಬೇಡ, ಹಿಂದಿನ ಸೀಟಿನಲ್ಲೊಂದು ಚಿಪ್ಸ್ ಪ್ಯಾಕೆಟ್ ಸಾಕು. ಸುಳ್ಯದಲ್ಲಿ ಸೊರಗಿಕೊಂಡಿದ್ದ ಪ್ಯಾಕೆಟ್ಟು ತಿರುವು ತಿರುವಿಗೂ ಉಬ್ಬುತ್ತ, ಮಡಿಕೇರಿ ಹತ್ತಿರವಾದಾಗ ಗೆದ್ದ ಅಭ್ಯರ್ಥಿಯ ಕೆನ್ನೆಯ ಹಾಗೆ ಬಿಗಿದುಕೊಂಡಿತ್ತು. ಅದರೊಳಗೆ ಕೂತಿದ್ದು ಇನ್ನೂ ಬಯಲುಸೀಮೆಯ ಕಾರ್ಖಾನೆಯ ಗಾಳಿ. ಹೊರಗಿನದು ಘಟ್ಟದ ತೆಳು ಗಾಳಿ. ನಮ್ಮ ಕಿವಿಯೂ ಅಷ್ಟರಲ್ಲಿ ಗುಂಯ್ ಎಂದು ಮುಚ್ಚಿಕೊಂಡಿತ್ತು. ನಾನು ಆಕಳಿಸಿದೆ, ಟಪ್ ಎಂದು ತೆರೆಯಿತು. ಕಿವಿಯ ಒಳಗಿನಿಂದ ಗಂಟಲಿಗೆ ಒಂದು ಕೊಳವೆಯನ್ನು ದೇವರು ಇಟ್ಟಿದ್ದಾನೆ, ಆಕಳಿಸಿದರೆ ಅದರ ಬಾಯಿ ಬಿಡುತ್ತದೆ. ಭಾಮೈದ ಕನ್ನಡಿಯಲ್ಲಿ ನನ್ನ ಬಾಯಿ ನೋಡಿದವನೇ ಬ್ರೇಕ್ ಒತ್ತಿದ.

"ಅಯ್ಯೋ ಭಾವ! ಪ್ಲಗ್ ತೆಗೀಲೇ ಇಲ್ಲ!"

ಆಗ ನನಗೆ ಆ ಹಲಗೆಯ ಬೆನ್ನಿನ ತೂತನ್ನು ಮೊದಲ ಸಲ ಹತ್ತಿರದಿಂದ ನೋಡುವ ಭಾಗ್ಯ ಬಂತು. ಹಲಗೆಯನ್ನು ಎತ್ತಿಕೊಳ್ಳಲು ನಡುವೆ ಒಂದು ಹಿಡಿಕೆಯ ಗುಂಡಿ ಇರುತ್ತದೆ. ಅದರಿಂದ ಮಾರು ದೂರವೂ ಇಲ್ಲ, ಹಲಗೆಗೆ ಸಮನಾಗಿ ಹುದುಗಿಸಿದ ಕರಿ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರ ನಟ್ಟನಡುವೆ ಬೆರಳ ತುದಿಯಷ್ಟು ಅಗಲದ ಒಂದು ತಿರುಪು. ತಿರುಪಿನ ತಲೆಯಲ್ಲಿ ಒಂದು ಗೀರು, ಕುತ್ತಿಗೆಗೆ ಬಳೆ ತೊಡಿಸಿದಂತೆ ಸಣ್ಣದೊಂದು ರಬ್ಬರ್ ವಾಷರ್. ಇಷ್ಟೇ. ಬಿಗಿದರೆ ವಾಷರ್ ಅದುಮಿಕೊಂಡು ನೀರಿಗೆ ದಾರಿ ಇಲ್ಲ. ಸಡಿಲಿಸಿದರೆ ಗಾಳಿ ಒಳಗೆ ಹೊರಗೆ ಓಡಾಡಬಹುದು. ಹತ್ತೂವರೆ ಅಡಿಯ ಆ ದೈತ್ಯನಿಗೆ ಇರುವ ಏಕೈಕ ಮೂಗಿನ ಹೊಳ್ಳೆ.

ಮೂಗು ಯಾಕೆ ಬೇಕು ಎಂದರೆ, ಹಲಗೆಯ ಹೊಟ್ಟೆಯಲ್ಲಿ ಇರುವುದು ಮರವಲ್ಲ, ಥರ್ಮೋಕೋಲ್. ಗಣೇಶನ ಮಂಟಪ ಕೊರೆಯುತ್ತೇವಲ್ಲ, ಅದೇ ಜಾತಿ, ಸ್ವಲ್ಪ ಗಟ್ಟಿ. ಕಾಳು ಕಾಳಾಗಿ ಉಬ್ಬಿಸಿ ಒತ್ತಿದ ಆ ವಸ್ತುವಿನಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗ ಬರೀ ಗಾಳಿ. ಕಾಳುಗಳ ನಡುವಿನ ಸಂದಿಯಲ್ಲೂ ಗಾಳಿ. ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಕುಡಿಸಿ, ಗಾಳಿಯಾಡದ ಗಟ್ಟಿ ಚರ್ಮ ಮಾಡಿರುತ್ತಾರೆ. ಹಿಂದೆ ಸರ್ಫ್ ಹಲಗೆಗಳ ಹೊಟ್ಟೆಯಲ್ಲಿ ಹೆಚ್ಚಾಗಿ ಪಾಲಿಯುರೆಥೇನ್ ನೊರೆ ಇರುತ್ತಿತ್ತು. ಅದಕ್ಕೆ ಈ ರೀತಿಯ ಅಜೀರ್ಣದ ತೊಂದರೆ ಇಲ್ಲ, ಮೂಗೂ ಬೇಡ. ಆ ನೊರೆಯ ದಿಮ್ಮಿಗಳನ್ನು ಲೋಕಕ್ಕೆಲ್ಲ ಒದಗಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕ್ಲಾರ್ಕ್ ಫೋಮ್ ಎಂಬ ಕಾರ್ಖಾನೆ 2005ರ ಡಿಸೆಂಬರ್ 5ರಂದು ಏಕಾಏಕಿ ಬಾಗಿಲು ಹಾಕಿತು. ಹಲಗೆ ಮಾಡುವವರು ತಲೆಯ ಮೇಲೆ ಕೈ ಹೊತ್ತುಕೊಂಡು ಬೇರೆ ದಾರಿ ಹುಡುಕಿದಾಗ ಥರ್ಮೋಕೋಲಿಗೆ ಶುಕ್ರದೆಸೆ ತಿರುಗಿತು. ನಿಂತು ಹೋಗುವ ಹಲಗೆ ದೊಡ್ಡದಾಗಿರಬೇಕು, ಹೊರುವವನ ಹೆಗಲೂ ಉಳಿಯಬೇಕು. ಹಗುರ ಥರ್ಮೋಕೋಲಿಲ್ಲದೆ ಅದು ಆಗುವ ಮಾತಲ್ಲ.

ಸರಿ, ಮಡಿಕೇರಿಯ ಅಂಚಿನ ಒಂದು ಚಹಾ ಅಂಗಡಿಯ ಮುಂದೆ ನಿಂತೆವು. ತಿರುಪು ಬಿಚ್ಚಬೇಕು. ಗೀರಿಗೆ ಒಂದು ನಾಣ್ಯ ಸಿಕ್ಕಿಸಿ ತಿರುಗಿಸಿದರೆ ಆಯಿತು, ಬೇರೆ ಹತಾರ ಬೇಡ ಎಂಬುದು ಅದನ್ನು ಮಾಡಿದವರ ಉದಾರ ಕಲ್ಪನೆ. ಭಾಮೈದ ಜೇಬು ತಡಕಿದ, ಫೋನು. ನಾನು ತಡಕಿದೆ, ಫೋನು, ಕರವಸ್ತ್ರ. ಚಹಾ ಅಂಗಡಿಯವರನ್ನು "ಒಂದು ರೂಪಾಯಿ ನಾಣ್ಯ ಇದ್ದರೆ ಕೊಡಿ" ಎಂದು ಕೇಳಿದೆ. ಅವರು ಮಾತಿಲ್ಲದೆ ಗಾಜಿನ ಭರಣಿಗೆ ಅಂಟಿಸಿದ ಕ್ಯೂಆರ್ ಚೀಟಿಯತ್ತ ಬೆರಳು ತೋರಿಸಿದರು. ಪಕ್ಕದ ಎಳನೀರಿನವನಲ್ಲೂ ಚೀಟಿಯೇ. ಅವನು ಮಾತ್ರ ಕರುಣಾಳು, "ಇದ್ರಲ್ಲಿ ಆಗುತ್ತಾ ನೋಡಿ" ಎಂದು ಮಚ್ಚು ಹಿಡಿದುಕೊಂಡೇ ಎದ್ದು ಬಂದ. ಭಾಮೈದ ಹಲಗೆಯ ಮೇಲೆ ಅಡ್ಡ ಬಿದ್ದ.

ಹೆಂಡತಿ ಕಾರಿನಿಂದ ಇಳಿಯದೆ ಕಿಟಕಿಯಾಚೆ ನೋಡುತ್ತಿದ್ದಳು. ಆ ನೋಟದ ಅರ್ಥ ನನಗೆ ಗೊತ್ತು. ಅವಳ ಪರ್ಸಿನ ಒಳಜೇಬಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಧರ್ಮಸ್ಥಳದ ಮುಡಿಪು ಇತ್ತು.

"ಅಕ್ಕ, ಎರಡೇ ನಿಮಿಷ. ಹಾಗೇ ವಾಪಸ್ ಕೊಡ್ತೇನೆ."

"ಮಂಜುನಾಥಸ್ವಾಮಿಯ ದುಡ್ಡಿನಲ್ಲಿ ಸ್ಕ್ರೂ ತಿರುಗಿಸ್ಲಿಕ್ಕೆ ಉಂಟಾ? ನಿನಗೆ ತಲೆ ಸರಿ ಉಂಟಾ?"

"ಹಲಗೆ ಒಡೆದರೆ ಸಾಲದ ಕಂತು ನೀನು ಕಟ್ಟುವುದಾ?"

ಬ್ಯಾಂಕಿನವನಿಗೆ ಎಲ್ಲಿ ಹಿಡಿಯಬೇಕೆಂದು ಗೊತ್ತು. ಅವಳು ಬಟ್ಟೆಯ ಗಂಟು ಬಿಚ್ಚಿದಳು, ಆದರೆ ಷರತ್ತು ಹಾಕಿದಳು: ನೂರಾ ಒಂದು ರೂಪಾಯಿ ತಪ್ಪುಕಾಣಿಕೆ, ಈಗಲೇ. ಅವನು ಅಲ್ಲೇ ನಿಂತು ಅವಳ ಫೋನಿಗೆ ಕಳಿಸಿದ. ಟಿಂಗ್ ಎಂದ ಮೇಲೆ ನಾಣ್ಯ ಕೈ ಬದಲಾಯಿತು.

ತಿರುಪು ಅರ್ಧ ಸುತ್ತು ತಿರುಗಿತೋ ಇಲ್ಲವೋ, ಸುಯ್ಯ್ ಎಂದು ಹಲಗೆ ಉಸಿರು ಬಿಟ್ಟಿತು. ಮಂಗಳೂರಿನ ಗಾಳಿ ಮಡಿಕೇರಿಯ ಗಾಳಿಗೆ ಸೇರಿತು. ಚಹಾ ಅಂಗಡಿಯವರು ಬಗ್ಗಿ ನಮ್ಮ ಕಾರಿನ ನಾಲ್ಕೂ ಚಕ್ರ ನೋಡಿ, "ಪಂಚರ್ ಆಯ್ತಾ ಸಾರ್?" ಎಂದರು.

ಅದೇ ರಾತ್ರಿ, ಊಟದ ಮೇಲೆ, ನಾನು ಹಾಳೆ ಪೆನ್ಸಿಲ್ ಹಿಡಿದು ಕೂತೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದ ಕೈ ಸುಮ್ಮನಿರುವುದಿಲ್ಲ. ಗೇ-ಲುಸಾಕ್ ಎಂಬ ಫ್ರೆಂಚ್ ಮಹಾಶಯ 1802ರಲ್ಲೇ ಹೇಳಿಟ್ಟಿದ್ದಾನೆ: ಬಿಸಿಯಾದಷ್ಟೂ ಗಾಳಿ ಹಿಗ್ಗುತ್ತದೆ. ಹಿಗ್ಗಲು ಜಾಗ ಕೊಡದಿದ್ದರೆ ಆ ಹಿಗ್ಗೆಲ್ಲ ಒತ್ತಡವಾಗುತ್ತದೆ. ಮಂಗಳೂರಿನಲ್ಲಿ 27 ಡಿಗ್ರಿಯಲ್ಲಿ ಬಾಯಿ ಬಿಗಿದ ಹಲಗೆಯನ್ನು, ಸುಮಾರು 850 ಮೀಟರ್ ಎತ್ತರದ ದುಬಾರೆಯ ಬಿಸಿಲಿನಲ್ಲಿ ಕಾರಿನ ಮೇಲೆ ಬಿಟ್ಟು, ಒಳಗಿನ ಗಾಳಿ 50 ಡಿಗ್ರಿಗೆ ಕಾದರೆ ಏನಾಗುತ್ತದೆ? ಒಳಗೆ ಶಾಖದಿಂದ ಒತ್ತಡ ಏರಿದೆ, ಹೊರಗೆ ಎತ್ತರದಿಂದ ಒತ್ತಡ ಇಳಿದಿದೆ. ಎತ್ತು ಏರಿಗೆ, ಕೋಣ ನೀರಿಗೆ. ವ್ಯತ್ಯಾಸ ಲೆಕ್ಕ ಹಾಕಿದರೆ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1.8 ಟನ್ ಭಾರದಷ್ಟು ನೂಕು. ಹಲಗೆಯ ಒಂದು ಮೈ ಸುಮಾರು ಎರಡು ಚದರ ಮೀಟರ್. ಅಂದರೆ ಮೂರೂವರೆ ಟನ್, ಒಂದು ದಷ್ಟಪುಷ್ಟ ಹೆಣ್ಣಾನೆಯ ತೂಕ. ಅದೂ ಆನೆ ಮೇಲೆ ನಿಂತಿದ್ದಲ್ಲ, ಒಳಗೆ ಕೂತು ಹೊರಕ್ಕೆ ತಳ್ಳುತ್ತಿರುವುದು.

ಲೆಕ್ಕ ತಪ್ಪಿರಬಹುದೆಂದು ಇನ್ನೊಮ್ಮೆ ಮಾಡಿದೆ. ಆನೆ ಹೋಗಲಿಲ್ಲ.

ಪಟಾಕಿಯ ಹಾಗೆ ಹಲಗೆ ಸಿಡಿದು ಚೂರಾಗುತ್ತದೆ ಎಂದಲ್ಲ. ಅದರ ಸಾವು ಅಷ್ಟು ಗೌರವದ್ದಲ್ಲ. ಗಾಜುಬಟ್ಟೆಯ ಚರ್ಮ ಥರ್ಮೋಕೋಲಿಗೆ ಅಂಟಿಕೊಂಡಿರುತ್ತದಲ್ಲ, ಆ ಅಂಟು ಎಲ್ಲೋ ಒಂದು ಕಡೆ ಬಿಟ್ಟುಕೊಡುತ್ತದೆ. ಸುಟ್ಟ ಕೈಯಲ್ಲಿ ಬೊಬ್ಬೆ ಏಳುವಂತೆ ಮೇಲ್ಮೈ ಏಳುತ್ತದೆ. ಬೆರಳಿಂದ ಒತ್ತಿದರೆ ಪಚಕ್ ಎನ್ನುತ್ತದೆ. ಪದರ ಬಿಟ್ಟ ಹಲಗೆಗೆ ಗಟ್ಟಿತನ ಇಲ್ಲ. ನಿಂತರೆ ಬಳುಕುತ್ತದೆ, ಬೊಬ್ಬೆ ದಿನೇ ದಿನೇ ಹಬ್ಬುತ್ತದೆ. ಕರಿ ಬಣ್ಣದ ಹಲಗೆಯಾದರೆ ಬಿಸಿಲು ಕುಡಿಯುವುದರಲ್ಲಿ ಇನ್ನೂ ಮುಂದು. ವಿಮಾನದಲ್ಲಿ ಕಳಿಸುವವರಿಗೂ ಇದೇ ಪಾಠ: ಸಾಮಾನಿನ ಕೋಣೆಯೂ ಆಕಾಶದಲ್ಲಿ ಒಂದು ಘಟ್ಟವೇ, ಮೂಗು ತೆರೆದಿಡಬೇಕು.

ಇದರ ತಿರುವುಮುರುವು ಇನ್ನೂ ಕಪಟಿ. ಬಿಸಿಲಲ್ಲಿ ಕಾದ ಹಲಗೆಯನ್ನು ಬಾಯಿ ಬಿಗಿದು ಒಮ್ಮೆಲೇ ತಣ್ಣನೆಯ ಕಾವೇರಿಗೆ ಇಳಿಸಿದಿರೆನ್ನಿ. ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಏನನ್ನಾದರೂ ಎಳೆದುಕೊಳ್ಳಲು ಹವಣಿಸುತ್ತದೆ. ಬಂಡೆಗೆ ತಾಗಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಅಲ್ಲಿಂದ ನೀರನ್ನು ಹೀರುತ್ತದೆ. ನೀರು ತಾನಾಗಿ ಸೋರಿ ಬಂದದ್ದಲ್ಲ, ಕರೆದು ಕೂರಿಸಿಕೊಂಡದ್ದು. ಕಾಳಿನ ಸಂದಿಗಳಿಗೆ ಇಳಿದ ನೀರು ಮತ್ತೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಹಲಗೆ ವರ್ಷ ವರ್ಷ ತೂಕ ಏರಿಸಿಕೊಳ್ಳುತ್ತದೆ, ಯಜಮಾನನ ಜೊತೆಜೊತೆಗೇ. ಹಾಗಾಗಿ ನೀರಿಗೆ ಇಳಿಸುವ ಮೊದಲು ಹಲಗೆಯನ್ನು ಮೂಗು ತೆರೆದುಕೊಂಡೇ ನೆರಳಲ್ಲಿ ಸ್ವಲ್ಪ ತಣಿಯಲು ಬಿಡಬೇಕು, ಆಮೇಲೆ ಬಿಗಿಯಬೇಕು, ಇಳಿಸಬೇಕು, ಎತ್ತಿದ ಮೇಲೆ ಮತ್ತೆ ಸಡಿಲಿಸಬೇಕು. ಶಾಸ್ತ್ರ ಇಷ್ಟೇ. ಆದರೆ ಇದನ್ನು ನೆನಪಿಟ್ಟುಕೊಳ್ಳಬೇಕಾದವನು ಮನುಷ್ಯ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಹತ್ತಿದ ಮೇಲೆ ಕೇಳುವ ಪ್ರಾಣಿ.

ಬೆಳಗ್ಗೆ ದುಬಾರೆಗೆ ಹೋದೆವು. ಅದು ಅರಣ್ಯ ಇಲಾಖೆಯ ಆನೆ ಶಿಬಿರ. ಹಿಂದೆ ಕಾಡಿನ ದಿಮ್ಮಿ ಎಳೆಯಲು ಸಾಕಿದ ಆನೆಗಳು. ಈಗ ಆ ಕೆಲಸ ತಪ್ಪಿ, ಮೈಸೂರು ದಸರೆಗೆ ಹೋಗಿಬರುವ ಘನತೆ ಕೆಲವಕ್ಕೆ, ಉಳಿದಂತೆ ಪ್ರವಾಸಿಗರಿಗೆ ಮುಖ ತೋರಿಸುವ ಜವಾಬ್ದಾರಿ. ಮಳೆಗಾಲದಲ್ಲಿ ಇಲ್ಲಿನ ಕಾವೇರಿ ಕೆಂಪಗೆ ಮೊರೆಯುತ್ತಿರುತ್ತಾಳೆ, ರ‍್ಯಾಫ್ಟಿಂಗ್‌ನವರ ಕೇಕೆ. ಫೆಬ್ರವರಿಯಲ್ಲಿ ಬಂಡೆಗಳ ನಡುವೆ ಮಡುಗಟ್ಟಿ ಮೆಲ್ಲಗೆ ಹರಿಯುತ್ತಾಳೆ. ಆನೆಗಳ ಎದುರಿಗೇ ನಿಂತು ತೇಲುವ ಧೈರ್ಯ ನಮಗಿರಲಿಲ್ಲ. ಸ್ವಲ್ಪ ಕೆಳಗೆ, ಪರಿಚಯದವರ ಕಾಫಿ ತೋಟದ ಅಂಚಿನಲ್ಲಿ ಒಂದು ಮಡು ಇದೆ. ಹಲಗೆಗೆ ಅದು ಸಾಕೆಂದು ತೀರ್ಮಾನವಾಗಿತ್ತು. ಅಕ್ಕನಿಗೆ ಆನೆಯ ಸ್ನಾನ ನೋಡಬೇಕಿತ್ತು, ಅದಕ್ಕೇ ಮೊದಲು ಶಿಬಿರ.

ದೋಣಿ ನಡೆಸುವವರೊಬ್ಬರು ನಮ್ಮ ಕಾರಿನ ಮೇಲಿನ ಹಲಗೆಯನ್ನು ಸುತ್ತು ಹಾಕಿ ನೋಡಿದರು. ತೂತು ಕಣ್ಣಿಗೆ ಬಿತ್ತು.

"ಇದೇನ್ ಸಾರ್, ಬೆನ್ನಿಗೆ ತೂತು? ನೀರು ನುಗ್ಗಲ್ವಾ?"

ಭಾಮೈದ ತಾಳ್ಮೆಯಿಂದ ಗೇ-ಲುಸಾಕ್ ತನಕ ವಿವರಿಸಿದ. ಅವರು ಅಷ್ಟೇ ತಾಳ್ಮೆಯಿಂದ ಕೇಳಿದರು. ಕೊನೆಗೆ, "ನಾವು ಚಿಕ್ಕವರಿದ್ದಾಗ ಬಿದಿರಿನ ತೆಪ್ಪದ ಮೇಲೆ ನಿಂತ್ಕೊಂಡೇ ಹೊಳೆ ದಾಟ್ತಿದ್ವಿ. ತಿರುಪು ಗಿರುಪು ಏನೂ ಇರ್ಲಿಲ್ಲ" ಎಂದರು.

ಮಾತು ಹಗುರವಾಗಿತ್ತು, ಒಳಗೆ ಥರ್ಮೋಕೋಲ್ ಇದ್ದ ಹಾಗೆ. ಆದರೆ ನನ್ನ ತಲೆಯಿಂದ ಅದು ಇಳಿಯಲಿಲ್ಲ. ಬಿದಿರೂ ಗಾಳಿ ತುಂಬಿದ ತೇಲು ವಸ್ತುವೇ. ಗೆಣ್ಣಿನಿಂದ ಗೆಣ್ಣಿಗೆ ಒಂದೊಂದು ಬೀಗ ಹಾಕಿದ ಕೋಣೆ. ಒಂದು ಕೋಣೆಗೆ ನೀರು ನುಗ್ಗಿದರೂ ಪಕ್ಕದ್ದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಬಿಸಿಲಿನ ಭಯವಿಲ್ಲ, ಗೋಡೆ ಅಷ್ಟು ದಪ್ಪ, ಕೋಣೆ ಅಷ್ಟು ಕಿರಿದು. ಆದರೆ ಹಸಿ ಬಿದಿರನ್ನು ಬೆಂಕಿಗೆ ಹಾಕಿ ನೋಡಿ. ಕೊಡಗಿನ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಒಳಗಿನ ಗಾಳಿ ಕಾದು, ರಸ ಆವಿಯಾಗಿ, ದಾರಿ ಸಿಗದೆ, ಢಂ ಎಂದು ಕೋವಿ ಹಾರಿಸಿದ ಸದ್ದು. ಗೆಣ್ಣಿಗೊಂದು ತೂತು ಕೊರೆದು ಹಾಕಿದರೆ ಸದ್ದೇ ಇಲ್ಲ, ಬುಸ್ ಎಂದು ಉರಿದು ಹೋಗುತ್ತದೆ. ಸೌದೆ ಒಲೆಯ ಮುಂದೆ ಕೂತ ಅಜ್ಜಿಯರೆಲ್ಲ ಬಿದಿರನ್ನು ಸೀಳಿಯೇ ಒಲೆಗೆ ಇಡುತ್ತಿದ್ದರು.

ಇನ್ನು ರ‍್ಯಾಫ್ಟು. ಕಾಲು ಮಡಚಿ ಕೂತು ಕಿರುಚುವುದಷ್ಟೇ ನಮ್ಮ ಕೆಲಸವಾದ್ದರಿಂದ ಅದರ ತಳವನ್ನು ಯಾರೂ ನೋಡುವುದಿಲ್ಲ. ನೋಡಿದರೆ ಎದೆ ಝಲ್ ಎನ್ನುತ್ತದೆ, ಈಗಿನ ಹೆಚ್ಚಿನ ರ‍್ಯಾಫ್ಟುಗಳ ತಳದ ಅಂಚಿನಲ್ಲಿ ಸಾಲು ಸಾಲು ತೂತು! ಗಾಳಿ ತುಂಬಿದ ತಳ ನೀರಿಗಿಂತ ಮೇಲೆ ತೇಲುತ್ತದೆ. ಅಲೆ ಬಡಿದು ಒಳಗೆ ಸುರಿದ ನೀರು ಆ ತೂತುಗಳಿಂದ ತಾನೇ ಇಳಿದು ಹೋಗುತ್ತದೆ, ಬಕೆಟ್ ಹಿಡಿದು ಮೊಗೆಯಬೇಕಿಲ್ಲ. ಆದರೆ ಸುತ್ತಲಿನ ದಪ್ಪ ಕೊಳವೆಗಳಿಗೆ ಮಾತ್ರ ಹಲಗೆಯ ಕಷ್ಟವೇ. ಮಳೆ ಬಿಟ್ಟು ಬಿಸಿಲು ಚುರುಕಾದ ಮಧ್ಯಾಹ್ನ ದಡದಲ್ಲಿಟ್ಟ ರ‍್ಯಾಫ್ಟು ಡೋಲಿನಂತೆ ಬಿಗಿದುಕೊಳ್ಳುತ್ತದೆ. ಗೈಡ್ ಹುಡುಗ ಬಂದು ವಾಲ್ವ್ ಒತ್ತಿ ಒಂದಿಷ್ಟು ಗಾಳಿ ಬಿಡುತ್ತಾನೆ. ಹೊಳೆಗೆ ಇಳಿಸಿದ ಮೇಲೆ ಅದೇ ರ‍್ಯಾಫ್ಟು ಮೆತ್ತಗಾಗುತ್ತದೆ, ಮತ್ತೆ ಪಂಪು. ಅವನನ್ನು ಕೇಳಿದರೆ ಗೇ-ಲುಸಾಕನ ಹೆಸರು ಹೇಳಲಾರ, ಅಂಗೈಯಲ್ಲಿ ಬಡಿದು ನೋಡಿ ಎಷ್ಟು ಬಿಡಬೇಕೆಂದು ಹೇಳುತ್ತಾನೆ.

ಗಾಳಿ ಊದಿ ಮಡಚಿ ಬೆನ್ನಿಗೆ ಹಾಕಿಕೊಂಡು ಹೋಗುವ ಪ್ಯಾಡಲ್‌ಬೋರ್ಡೂ ಉಂಟು. ಅದಕ್ಕೆ ಈ ತಿರುಪಿನ ಗೋಳಿಲ್ಲ, ಒತ್ತಡ ಹಿಡಿದಿಡುವ ವಾಲ್ವ್ ಅಷ್ಟೇ. ರ‍್ಯಾಫ್ಟಿಗೆ ಎರಡು, ಎರಡೂವರೆ ಪೌಂಡು ಒತ್ತಡ ಸಾಕಾದರೆ ಅದಕ್ಕೆ ಹದಿನೈದರ ತನಕ ಬೇಕು. ಊದುವಷ್ಟರಲ್ಲಿ ಹೊಳೆ ದಾಟುವ ಆಸೆ ತಣ್ಣಗಾಗಿರುತ್ತದೆ.

ಅಷ್ಟರಲ್ಲಿ ಆನೆಗಳು ಬಂದವು. ಮಾವುತರು ಕಾವಾಡಿಗರು ಮೈ ಉಜ್ಜುತ್ತಿದ್ದರೆ ಅವು ನೀರಲ್ಲಿ ಪಕ್ಕಕ್ಕೆ ವಾಲಿ ಮಲಗಿದವು. ಇಡೀ ದೇಹ ನೀರಡಿ, ಸೊಂಡಿಲ ತುದಿಯೊಂದು ಮಾತ್ರ ಮೇಲೆ. ಹುಸ್ ಎಂದು ಉಸಿರು. ಭಾಮೈದ ಕೈ ಎತ್ತಿ, "ನೋಡಿ ಭಾವ, ವೆಂಟ್ ಪ್ಲಗ್!" ಎಂದ.

ತಮಾಷೆಗೆ ಹೇಳಿದ. ಆದರೆ ಇದರಲ್ಲಿ ತಮಾಷೆಗಿಂತ ದೊಡ್ಡ ವಿಷಯವಿದೆ. ನಾವು ಎರಡು ಮೀಟರ್ ಆಳದಲ್ಲಿ ಮುಳುಗಿ, ಉದ್ದದ ಕೊಳವೆಯೊಂದನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುತ್ತೇವೆ ಎಂದರೆ ಆಗದು. ಎರಡು ಮೀಟರ್ ನೀರೆಂದರೆ ವಾತಾವರಣದ ಐದನೇ ಒಂದು ಪಾಲಿನಷ್ಟು ಹೆಚ್ಚಿನ ಒತ್ತಡ. ಅದು ಎದೆಯನ್ನು ಹೊರಗಿನಿಂದ ಅದುಮುತ್ತಿರುತ್ತದೆ, ಪುಪ್ಪುಸದೊಳಗೆ ಮಾತ್ರ ಕೊಳವೆಯ ಮೂಲಕ ಬಂದ ಮೇಲಿನ ಸಾಮಾನ್ಯ ಗಾಳಿ. ನಮ್ಮ ಪುಪ್ಪುಸಕ್ಕೂ ಎದೆಗೂಡಿಗೂ ನಡುವೆ ಎರಡು ತೆಳು ಪೊರೆಗಳಿವೆ, ಮಧ್ಯೆ ತೆಳ್ಳನೆಯ ದ್ರವ. ಆ ಪೊರೆಯ ಸೂಕ್ಷ್ಮ ರಕ್ತನಾಳಗಳು ಇಂಥ ಎಳೆತವನ್ನು ತಾಳಲಾರವು. ಆನೆಯ ದೇಹ ಕೊಯ್ದು ನೋಡಿದವರಿಗೆ ಬಹಳ ಕಾಲ ಒಂದು ಒಗಟು ಕಾಡಿತ್ತು: ಇದಕ್ಕೆ ಆ ಪೊರೆಗಳ ನಡುವಿನ ಜಾಗವೇ ಇಲ್ಲ, ಪುಪ್ಪುಸ ಎದೆಗೂಡಿಗೆ ಅಂಗಾಂಶದಿಂದ ಅಂಟಿಕೊಂಡಿದೆ, ಏನಿದು ರೋಗವೋ? ಕ್ಯಾಲಿಫೋರ್ನಿಯಾದ ಜಾನ್ ವೆಸ್ಟ್ ಎಂಬ ಶರೀರಶಾಸ್ತ್ರಜ್ಞ 2001ರಲ್ಲಿ ಉತ್ತರ ಮುಂದಿಟ್ಟರು. ರೋಗವಲ್ಲ, ಈಜಿನ ಏರ್ಪಾಡು. ಸೊಂಡಿಲನ್ನು ಮೇಲೆ ಚಾಚಿ ಆಳದಲ್ಲಿ ಸಾಗುವ ಪ್ರಾಣಿಗೆ ಪುಪ್ಪುಸ ಗೋಡೆಗೆ ಅಂಟಿಕೊಂಡಿದ್ದರೇ ಕ್ಷೇಮ. ಒತ್ತಡದ ವ್ಯತ್ಯಾಸ ಎಷ್ಟೇ ಎಳೆದರೂ ಹರಿಯಲು ಅಲ್ಲಿ ಬರಿ ತೆಳು ಪೊರೆ ಇಲ್ಲ. ಈ ವೆಸ್ಟ್ ಆನೆಯವರಲ್ಲ, ಹಿಮಾಲಯದವರು. 1960ರಿಂದ ಎವರೆಸ್ಟ್ ಸುತ್ತಮುತ್ತಲ ತೆಳು ಗಾಳಿಯಲ್ಲಿ ಮನುಷ್ಯರು ಹೇಗೆ ಉಸಿರಾಡುತ್ತಾರೆ ಎಂದು ಅಳೆಯುತ್ತಿದ್ದವರು ಹೊಳೆಗಿಳಿದ ಆನೆಯ ಹತ್ತಿರ ಬಂದು ಮುಟ್ಟಿದರು. ಏರಿದರೂ ಇಳಿದರೂ ಪ್ರಶ್ನೆ ಒತ್ತಡದ್ದೇ ತಾನೆ.

ಹಲಗೆ ಮಾಡುವವರು ಪಡುವ ಪಾಡೂ ಇದೇ: ಚರ್ಮವನ್ನು ಒಳಗಿನ ಹೊಟ್ಟೆಗೆ ಬಿಡದಂತೆ ಅಂಟಿಸುವುದು, ಮೇಲೊಂದು ಮೂಗು ಇಡುವುದು. ಆನೆಗೆ ಎರಡೂ ಹುಟ್ಟಿನಿಂದ ಬಂದಿದೆ. ತಿರುಪು ಬಿಚ್ಚಲು ಮುಡಿಪಿನ ನಾಣ್ಯ ಬೇಡ, ನೀರು ಮೂಗಿಗೆ ಬಂದರೆ ತುದಿಯನ್ನು ತಾನೇ ಮಡಚಿಕೊಳ್ಳುತ್ತದೆ. ಇದನ್ನೆಲ್ಲ ನಾನು ದಡದಲ್ಲಿ ಜೋರಾಗಿಯೇ ಹೇಳಿದೆ. ಪಕ್ಕದಲ್ಲಿದ್ದ ಬೆಂಗಳೂರಿನ ಕುಟುಂಬವೊಂದು ನನ್ನನ್ನು ಇಲಾಖೆಯ ಗೈಡ್ ಎಂದು ತಿಳಿದು ಊಟ ಎಲ್ಲಿ ಚೆನ್ನಾಗಿರುತ್ತದೆಂದು ಕೇಳಿತು.

ತೋಟದ ಮಡುವಿಗೆ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಹಲಗೆಯನ್ನು ಕಾಫಿ ಗಿಡಗಳ ನಡುವಿನ ನೆರಳಲ್ಲಿ ಇಳಿಸಿ, ತಣಿಯಲು ಬಿಟ್ಟೆವು. ಹೂ ಬಿಡುವ ಸಮಯ. ಪರಿಮಳಕ್ಕೆ ಜೇನ್ನೊಣಗಳು ಸೇರಿದ್ದವು. ಒಂದು ನೊಣ ತೆರೆದ ಮೂಗಿನ ಹೊಳ್ಳೆಯ ಅಂಚಿನಲ್ಲಿ ಕೂತು ಮನೆ ಬಾಡಿಗೆಗೆ ಉಂಟೋ ಎಂದು ಇಣುಕಿತು. ಭಾಮೈದ ಅದನ್ನು ಊದಿ ಓಡಿಸಿ, ನಾಣ್ಯಕ್ಕೆ ಕೈ ಚಾಚಿದ. ಹೆಂಡತಿ ಮತ್ತೆ ಫೋನು ತೋರಿಸಿದಳು. ಟಿಂಗ್.

ಈ ನಾಣ್ಯದ ಕರಕರೆಯೇ ಬೇಡ ಎಂಬ ಪುಣ್ಯಾತ್ಮರಿಗೆ ಇನ್ನೊಂದು ಬಗೆಯ ಮೂಗು ಬಂದಿದೆ. ಅದನ್ನು ಬಿಚ್ಚುವುದೂ ಇಲ್ಲ, ಬಿಗಿಯುವುದೂ ಇಲ್ಲ. ಬಿಲ್ಲೆಯೊಳಗೆ ಒಂದು ಬಿಳಿ ಪೊರೆ ಇಟ್ಟಿರುತ್ತಾರೆ. ಗಾಳಿ ಹೋಗುತ್ತದೆ, ಬರುತ್ತದೆ. ನೀರು ಮಾತ್ರ ಬಾಗಿಲಲ್ಲೇ ನಿಲ್ಲುತ್ತದೆ. ಪೊರೆಯ ಹೆಸರು ಗೋರ್-ಟೆಕ್ಸ್, ಮೂಲ ವಸ್ತು ನಮ್ಮ ನಾನ್‌ಸ್ಟಿಕ್ ತವೆಗೆ ಬಳಿಯುವ ಟೆಫ್ಲಾನ್. ಟೆಫ್ಲಾನ್ 1938ರಲ್ಲಿ ರಾಯ್ ಪ್ಲಂಕೆಟ್ ಎಂಬವರ ಕೈಗೆ ಅಕಸ್ಮಾತ್ತಾಗಿ ಸಿಕ್ಕಿತು. ಅದರ ಕಡ್ಡಿಗಳನ್ನು ಕಾಯಿಸಿ ಎಳೆದು ಉದ್ದ ಮಾಡಲು 1969ರಲ್ಲಿ ಬಾಬ್ ಗೋರ್ ಎಂಬ ಅಮೆರಿಕದವರು ಹೆಣಗಿದರು. ಮೆಲ್ಲಗೆ, ನಾಜೂಕಾಗಿ ಎಳೆದಷ್ಟೂ ಪಟಕ್ಕನೆ ತುಂಡಾಗುತ್ತಿತ್ತು. ರೋಸಿಹೋಗಿ ಒಂದನ್ನು ಸರ್ರನೆ ಜಗ್ಗಿದರು, ಮಾರುದ್ದ ಹಿಗ್ಗಿತು! ಹಿಗ್ಗಿದ ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಚದರ ಇಂಚಿಗೆ 900 ಕೋಟಿ ಎಂದು ಕಂಪನಿಯ ಲೆಕ್ಕ. ಟೆಫ್ಲಾನಿಗೂ ನೀರಿಗೂ ಆಗಿಬರುವುದಿಲ್ಲ. ದೋಸೆ ಹಿಟ್ಟನ್ನೇ ಹತ್ತಿರ ಸೇರಿಸದ ವಸ್ತು. ಹಾಗಾಗಿ ಹನಿ ತನ್ನ ಮೈಯನ್ನು ಬಿಗಿಹಿಡಿದು ಗುಂಡಗೆ ಕೂರುತ್ತದೆ, ಅಷ್ಟು ಕಿರಿದಾದ ರಂಧ್ರಕ್ಕೆ ತೂರುವುದಿಲ್ಲ. ಗಾಳಿಗೆ ಆ ಮಡಿವಂತಿಕೆ ಇಲ್ಲ.

ಆದರೆ ಈ ಪೊರೆಗೂ ಶತ್ರುಗಳಿದ್ದಾರೆ: ಎಣ್ಣೆ ಮತ್ತು ಸಾಬೂನು. ಜಿಡ್ಡು ಹತ್ತಿದರೆ ರಂಧ್ರ ಮುಚ್ಚುತ್ತದೆ, ಸಾಬೂನು ತಾಗಿದರೆ ನೀರಿನ ಬಿಗುಮಾನ ಇಳಿದು ಒಳಕ್ಕೆ ಜಾರುತ್ತದೆ. ಭಾಮೈದ ಬೆಳಗೆದ್ದು ತಲೆಗೆ ಅಂಗೈ ತುಂಬ ತೆಂಗಿನೆಣ್ಣೆ ಹಾಕಿಕೊಳ್ಳುವವನು. ಅವನ ಹಲಗೆಗೆ ಹಳೆಯ ತಿರುಪೇ ಲೇಸು.

ಅವನು ನಿಂತ. ಲೈಫ್ ಜಾಕೆಟ್ ತೊಟ್ಟು, ಪಾದಕ್ಕೆ ಹಲಗೆಯ ಹಗ್ಗ ಕಟ್ಟಿಕೊಂಡು, ಮೊದಲು ಮಂಡಿಯೂರಿ ಆಮೇಲೆ ಮೆಲ್ಲಗೆ ಎದ್ದು, ಬ್ಯಾಂಕಿನ ಕೌಂಟರಿನ ಹಿಂದೆ ಎಂದೂ ಕಾಣದ ಠೀವಿಯಲ್ಲಿ ಹುಟ್ಟು ಹಾಕಿದ. ಮಡುವಿನ ಆಚೆ ತುದಿಯ ತನಕ ಹೋಗಿ ತಿರುಗಿದ. ದೂರದಿಂದ ನೋಡಿದರೆ ನೀರಿನ ಮೇಲೆ ನಡೆದು ಬರುವ ಯಾವನೋ ಸಿದ್ಧಪುರುಷ. ಅಕ್ಕನಿಗೆ ಕಣ್ಣು ತುಂಬಿತು. "ತೂತು ಮುಚ್ಚಿದ್ದಿಯಲ್ಲ?" ಎಂದು ದಡದಿಂದ ಕೂಗಿದಳು. ಅವನು ಬಗ್ಗಿ ನೋಡಿದ. ಸಿದ್ಧಪುರುಷ ನೀರಿಗೆ ಬಿದ್ದ. ತಿರುಪು ಬಿಗಿಯಾಗಿಯೇ ಇತ್ತು.

ಆಮೇಲೆ ನನ್ನನ್ನೂ ನಿಲ್ಲಿಸುವ ಪ್ರಯತ್ನ ನಡೆಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಕಾವೇರಿ ಸ್ನಾನ ಪುಣ್ಯಪ್ರದ.

ಅವನು ಮರುದಿನ ಹೊರಡುವ ಮುಂಚೆ ನಮ್ಮ ಅಂಗಳದಲ್ಲಿ ಹಲಗೆ ಒರೆಸಿ, ತಿರುಪನ್ನು ಪೂರಾ ಬಿಚ್ಚಿ, ಒಳಗೆ ತೇವ ಸೇರಿದೆಯೋ ಎಂದು ಮೂಗಿಗೆ ಕಣ್ಣಿಟ್ಟು ನೋಡಿದ. ಈ ಸಲ ಘಟ್ಟ ಇಳಿಯುವುದು. ಹೊರಗಿನ ಒತ್ತಡ ಏರುತ್ತ ಹೋಗುತ್ತದೆ, ಬಿಗಿದರೆ ಹಲಗೆಯನ್ನು ನಾಲ್ಕೂ ಕಡೆಯಿಂದ ಹಿಂಡುತ್ತದೆ. ಮಡಿಕೇರಿಯಲ್ಲಿ ಕುಡಿದು ಮುಚ್ಚಿದ ನೀರಿನ ಬಾಟಲಿ ಸುಳ್ಯದಲ್ಲಿ ಸೊಟ್ಟಗಾಗುವುದು ಇದಕ್ಕೇ. ಆದ್ದರಿಂದ ತಿರುಪನ್ನು ನಾಲ್ಕು ಸುತ್ತು ಕೂರಿಸಿ ಸಡಿಲವಾಗಿಯೇ ಬಿಟ್ಟು ಹೋದ.

ಶನಿವಾರ ಮೂಲ್ಕಿಯಿಂದ ಫೋನು ಬಂತು. ಹಿನ್ನೆಲೆಯಲ್ಲಿ ಶಾಂಭವಿಯ ಗಾಳಿ. "ಭಾವ, ತಿರುಪಿನ ವಾಷರ್ ಇಲ್ಲ! ನಿಮ್ಮ ಅಂಗಳದಲ್ಲೇ ಬಿದ್ದಿರಬೇಕು. ಸಣ್ಣ ರಬ್ಬರ್ ಬಳೆ, ಕರೀದು. ಅದಿಲ್ಲದೆ ನೀರಿಗೆ ಇಳಿಸ್ಲಿಕ್ಕೆ ಆಗುದಿಲ್ಲ. ಕೊರಿಯರ್ ಮಾಡಿ."

ಅಂಗಳವಿಡೀ ಹುಡುಕಿದೆ. ತುಳಸಿಕಟ್ಟೆಯ ಸುತ್ತ ಮಂಡಿಯೂರಿ ತಡಕಾಡುವಾಗ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಏನೆಂದು ಕೇಳಿದಳು. ಹೇಳಿದೆ.

"ಅದಾ? ಗುಡಿಸುವಾಗ ಸಿಕ್ಕಿತು. ಎಂತಕ್ಕಾದರೂ ಬೇಕಾದೀತು ಅಂತ ಎತ್ತಿಟ್ಟಿದ್ದೆ. ಬಚ್ಚಲಿನ ನಲ್ಲಿಗೆ ಹಾಕಿ ನೋಡಿದೆ, ಸರೀ ಕೂತಿತು."

ಬಚ್ಚಲಿಗೆ ಹೋಗಿ ನೋಡಿದೆ. ಪ್ಲಂಬರು ಬಂದು ಬಂದು ಸೋತಿದ್ದ ನಲ್ಲಿ. ವರ್ಷಗಳಿಂದ ತೊಟ್ಟಿಕ್ಕುತ್ತಿದ್ದದ್ದು ಈಗ ಒಣಗಿ ನಿಂತಿತ್ತು. ಫೋನಿನಲ್ಲಿ ಭಾಮೈದ ಇನ್ನೂ ಹಲೋ ಹಲೋ ಎನ್ನುತ್ತಿದ್ದ. ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡು, "ಇಲ್ಲೆಲ್ಲೂ ಕಾಣುದಿಲ್ಲ ಮಾರಾಯ, ಅಂಗಡಿಯಲ್ಲಿ ಎರಡು ರೂಪಾಯಿಗೆ ಸಿಕ್ತದೆ, ತೆಕ್ಕೋ" ಎಂದಳು. ಅಲ್ಲಿಂದ ಅವನು ಏನೋ ಹೇಳಿದ.

"ಚಿಲ್ಲರೆ ಇಲ್ಲದಿದ್ದರೆ ಸ್ಕ್ಯಾನ್ ಮಾಡು" ಎಂದು ಇಟ್ಟಳು.